ಬೆಳಕಿನ ಕಣಕ್ಕೆ ಬಂದ ಕಳ್ಳರು

ಊರಿಗೆ ಹೊಸ ಯಂತ್ರವೊಂದು ಬಂದರೆ ಅದು ತನ್ನ ಕೆಲಸ ಶುರು ಮಾಡುವ ಮೊದಲು ಊರವರು ಹೇಳಿದ ಕೆಲಸ ಮಾಡಬೇಕಾಗುತ್ತದೆ. ನಮ್ಮ ಮನೆಗೆ ಫ್ರಿಜ್ ಬಂದಾಗ ಅತ್ತೆಯವರು ಅದರಲ್ಲಿ ಮೊದಲು ಇಟ್ಟದ್ದು ಕಡ್ಡಿಪೆಟ್ಟಿಗೆ. ಮಳೆಗಾಲದಲ್ಲಿ ಹೊರಗಿಟ್ಟರೆ ತೇವ ಹಿಡಿಯುತ್ತದಂತೆ. ಅಂಥ ಮನೆಯ ಸೊಸೆಯಾದ ನಾನು ಒಂದು ಕ್ವಾಂಟಮ್ ಯಂತ್ರ ಕಟ್ಟಿಕೊಂಡು ನವಲಗುಂದ ತಾಲೂಕು ತಿರುಗಿದರೆ ಏನೇನಾಗಬೇಕೋ ಅದೆಲ್ಲ ಆಯಿತು.

ನನ್ನ ಕೆಲಸ ನೆಲದೊಳಗಿನ ಗಾಜಿನ ಎಳೆ ಕಾಯುವುದು. ಕೂದಲಿನಷ್ಟು ಸಣ್ಣ ಎಳೆ. ಅದರೊಳಗೆ ಬೆಳಕು ಓಡುತ್ತದೆ, ಬೆಳಕಿನ ಜೊತೆ ನಿಮ್ಮ ಫೋನಿನ ಮಾತು, ಬ್ಯಾಂಕಿನ ವ್ಯವಹಾರ ಎಲ್ಲ ಓಡುತ್ತವೆ. ನಡುದಾರಿಯಲ್ಲಿ ಆ ಎಳೆಯನ್ನು ತುಸು ಬಾಗಿಸಿ, ಸೋರಿದ ಬೆಳಕಿನಿಂದ ಮಾತು ಕದಿಯುವ ಕಳ್ಳರೂ ಇದ್ದಾರೆ. ಅವರನ್ನು ಹಿಡಿಯಲು ನಮ್ಮ ಕಂಪನಿ ಒಂದು ಪೆಟ್ಟಿಗೆ ತಂದಿತು. ಅದು ಬೆಳಕನ್ನು ಧಾರೆಯಾಗಿ ಬಿಡದೆ ಒಂದೊಂದೇ ಕಣವಾಗಿ ಕಳಿಸುತ್ತದೆ. ಆ ಕಣಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ನಡುವೆ ಯಾರಾದರೂ ಇಣುಕಿ ನೋಡಿದರೆ ಅದು ಮೊದಲಿನಂತೆ ಉಳಿಯುವುದಿಲ್ಲ, ಆ ತುದಿಯಲ್ಲಿ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಕೆಂಪು ದೀಪ ಹತ್ತಿ ಸೈರನ್ ಹೊಡೆಯುತ್ತದೆ. ಕಳ್ಳ ಎಷ್ಟೇ ಜಾಣನಿದ್ದರೂ ನೋಡದೆ ಕದಿಯಲಾರ, ನೋಡಿದರೆ ಸಿಕ್ಕಿಬೀಳುತ್ತಾನೆ.

ಅಣ್ಣಿಗೇರಿಯಿಂದ ನವಲಗುಂದ ಹಾಯ್ದು ಮೊರಬದವರೆಗಿನ ಲೈನಿನ ಮೇಲೆ ಒಂದು ವರ್ಷದ ಪ್ರಯೋಗ. ಅಣ್ಣಿಗೇರಿಯ ಪೆಟ್ಟಿಗೆ ಕಣ ಕಳಿಸಬೇಕು, ಮೊರಬದ ಪೆಟ್ಟಿಗೆ ಎಣಿಸಿಕೊಳ್ಳಬೇಕು. ಕೂಡಿಸಲು ಬಂದ ಬೆಂಗಳೂರಿನ ದೊಡ್ಡ ಸಾಹೇಬರು ಹೊರಡುವಾಗ ಒಂದು ಮಾತು ಹೇಳಿದರು. ಕಳ್ಳ ಬಂದಾಗ ಇದು ಸುಮ್ಮನಿರಬಾರದು, ಬಾರದಾಗ ಕೂಗಬಾರದು. ಕೊನೆಯ ಪರೀಕ್ಷೆಯಲ್ಲಿ ಎರಡರಲ್ಲೊಂದು ಆದರೂ ಪೆಟ್ಟಿಗೆ ವಾಪಸ್, ನಿಮಗೂ ಬೇರೆ ಕಡೆ ವರ್ಗ.

ವರ್ಗ ಅನ್ನುವ ಮಾತೇ ನನಗೆ ಆಗದು. ಮದುವೆಯಾದಾಗಿನಿಂದ ಗಂಡ ಅಣ್ಣಿಗೇರಿಯ ದಲಾಲಿ ಅಂಗಡಿಯಲ್ಲಿ, ನಾನು ಯಾವುದೋ ರಾಜ್ಯದ ಯಾವುದೋ ಹೆದ್ದಾರಿಯ ಬದಿಯಲ್ಲಿ. ಈ ಪೆಟ್ಟಿಗೆಯ ಪುಣ್ಯದಿಂದ ಮೊದಲ ಸಲ ಮನೆಯಲ್ಲಿ ಬಿಸಿ ರೊಟ್ಟಿ ತಿಂದು ಕೆಲಸಕ್ಕೆ ಹೋಗುತ್ತಿದ್ದೆ. ಪೆಟ್ಟಿಗೆ ಇದ್ದರೆ ನಾನು, ಪೆಟ್ಟಿಗೆ ಹೋದರೆ ರೊಟ್ಟಿಯೂ ಹೋಯಿತು. ಇದಿಷ್ಟು ನೆನಪಿಟ್ಟುಕೊಂಡು ಮುಂದೆ ಓದಿ.

ಲೈಟಿನ ಬಾಯಾರು

ಮೊರಬಕ್ಕೆ ಹೋದ ಮೊದಲ ದಿನ ಚಹಾದಂಗಡಿಯಲ್ಲಿ ಯಾರೋ ನೀವು ಯಾವ ಇಲಾಖೆಯವರು ಅಂತ ಕೇಳಿದರು. ಸುಲಭವಾಗಿ ತಿಳಿಯಲಿ ಅಂತ ನಾನು ಬೆಳಕಿನ ಲೈನ್ ನೋಡಿಕೊಳ್ಳುವವಳು ಅಂದೆ. ಅದೇ ತಪ್ಪಾಯಿತು, ನಾನು ಲೈಟಿನ ಬಾಯಾರು ಆದೆ. ಆ ಕಡೆ ಮೇಡಮ್ಮನ್ನು ಬಾಯಾರು ಅನ್ನುತ್ತಾರೆ. ಮರುದಿನ ನಮ್ಮ ಜೀಪು ನಿಲ್ಲುವ ಮೊದಲೇ ಹತ್ತಾರು ಜನ ಕಾಯುತ್ತ ನಿಂತಿದ್ದರು. ಒಬ್ಬನ ಪಂಪ್‌ಸೆಟ್ಟಿಗೆ ಹಗಲು ಕರೆಂಟ್ ಬೇಕು, ಇನ್ನೊಬ್ಬನ ಓಣಿಯ ಕಂಬದ ದೀಪ ದೀಪಾವಳಿಯಿಂದ ಹತ್ತಿಲ್ಲ, ಮತ್ತೊಬ್ಬಾಕೆಯ ಮಿಕ್ಸರ್ ಸುಟ್ಟಿದೆ. ಮಿಕ್ಸರನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು.

ನನ್ನ ಬೆಳಕು ಆ ಬೆಳಕಲ್ಲ ಅಂತ ಎಲ್ಲರಿಗೂ ತಿಳಿಸಿ ಹೇಳುವಷ್ಟರಲ್ಲಿ ಗಂಟಲು ಒಣಗಿತು. ಇದರಿಂದ ಬಲ್ಬು ಹತ್ತುವುದಿಲ್ಲ, ಮೋಟರು ತಿರುಗುವುದಿಲ್ಲ, ತುಸು ತುಸುವೇ ಬರುತ್ತದೆ, ಬಂದದ್ದು ಕಣ್ಣಿಗೆ ಕಾಣುವುದೂ ಇಲ್ಲ ಅಂದೆ. ಹಿಂದೆ ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ಅಷ್ಟನ್ನೂ ಸಮಾಧಾನದಿಂದ ಕೇಳಿದರು. "ಬಾಯಾರ, ನಮಗ ಬರೂದೂ ಅದ ಐತ್ರಿ," ಅಂದರು. "ಬರತೈತಿ ಅಂತಾರ, ಕಣ್ಣಿಗೆ ಕಾಣಂಗಿಲ್ಲ."

ಸೈರನ್ ಹೊಡೆದ ಖಾರ

ಮೊರಬದ ಪೆಟ್ಟಿಗೆಗೆ ಬಾಡಿಗೆಗೆ ಸಿಕ್ಕ ಕೋಣೆಯ ಬಾಜೂಕೆ ಒಂದು ಹಿಟ್ಟಿನ ಗಿರಣಿ. ಚಳಿಗಾಲದಲ್ಲಿ ಕೋಣೆ ನೋಡಿದಾಗ ಗಿರಣಿಯಿಂದ ಏನೂ ತೊಂದರೆ ಕಾಣಲಿಲ್ಲ. ಬೇಸಿಗೆ ಬಿದ್ದ ಕೂಡಲೇ ಸೈರನ್ ಶುರುವಾಯಿತು. ಬೆಳಿಗ್ಗೆ ಹೊಡೆಯುತ್ತದೆ, ನಿಲ್ಲುತ್ತದೆ, ಮತ್ತೆ ಹೊಡೆಯುತ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ಬಿಡುವು, ಸಂಜೆ ಮತ್ತೆ. ಇದು ಪಕ್ಕಾ ಕಳ್ಳ, ಊಟಕ್ಕೂ ಹೊತ್ತಿಗೆ ಸರಿಯಾಗಿ ಹೋಗುವ ಶಿಸ್ತಿನ ಕಳ್ಳ ಅಂತ ನಾನು ಲೈನಿನ ಉದ್ದಕ್ಕೂ ಬಿಸಿಲಲ್ಲಿ ಹುಡುಕಿದೆ. ಜೀಪಿನ ಡ್ರೈವರ್ ಕೇಬಲ್ ಗುಂಡಿಗಳ ಮುಚ್ಚಳ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡ.

ಕೊನೆಗೆ ಒಂದು ದಿನ ಕೋಣೆಯಲ್ಲೇ ಕುಳಿತೆ. ಬಾಜೂಕಿನಿಂದ ಧಡ್ ಧಡ್ ಅಂತ ಖಾರ ಕುಟ್ಟುವ ಮಷೀನು ಶುರುವಾಯಿತು, ಗೋಡೆ ನಡುಗಿತು, ಗೋಡೆಗೆ ನೇತುಹಾಕಿದ್ದ ಎಳೆಯ ಸುರುಳಿ ಕುಣಿಯಿತು, ಕೆಂಪು ದೀಪ ಹತ್ತಿತು. ಜೊತೆಗೆ ನನಗೂ ಡ್ರೈವರಿಗೂ ಸೀನು. ಕುಂದಗೋಳ ಕಡೆಯ ಮೆಣಸಿನಕಾಯಿಯೇ ಆ ಕಳ್ಳ ಅಂತ ಸೀನುತ್ತಲೇ ತಿಳಿಯಿತು.

ಸುರುಳಿಯನ್ನು ಗೋಡೆಯಿಂದ ಬಿಡಿಸಿ, ದಪ್ಪ ಸ್ಪಂಜಿನಲ್ಲಿ ಸುತ್ತಿ, ಪೆಟ್ಟಿಗೆಯೊಳಗೆ ಮಲಗಿಸಿದೆ. ಸೈರನ್ ನಿಂತಿತು, ನಾನು ನೆಮ್ಮದಿಯಿಂದ ಮನೆಗೆ ಹೋದೆ. ಮರುದಿನ ಬಂದರೆ ಕೋಣೆಯ ಮುಂದೆ ಡಬ್ಬಿ ಹಿಡಿದ ಹೆಣ್ಣುಮಕ್ಕಳು, ನಡುವೆ ಬೆವರುತ್ತಿರುವ ಗಿರಣಿಯವನು. ಅವನು ಅಷ್ಟು ದಿನವೂ ಗಿರಾಕಿಗಳಿಗೆ, ಕಂಪನಿಯ ಮಷೀನು ಕೂಗಿತು ಅಂದರೆ ಖಾರ ಸಣ್ಣಾಯಿತು ಅಂತ ಅರ್ಥ, ಅದೊಂದು ಪರೀಕ್ಷೆ ಮಾಡುವ ಮಷೀನು ಅಂತ ಹೇಳಿಬಿಟ್ಟಿದ್ದ. ಸುತ್ತಲಿನ ಊರಿನವರೂ ಅವನಲ್ಲಿಗೇ ಬರತೊಡಗಿದ್ದರು. ಮುಂದೆ ನಿಂತಿದ್ದಾಕೆ ನನ್ನ ಕೈಗೆ ಒಂದು ಚಿಟಿಕೆ ಖಾರ ಹಾಕಿದಳು. "ನೋಡ್ರಿ ಬಾಯಾರ, ನೀವು ಮಷೀನು ಕೆಡಿಸಿದ ಮ್ಯಾಲ ಖಾರ ಹೆಂಗ ದಪ್ಪ ಆಗೈತಿ."

ದೃಷ್ಟಿ

ಮಳೆಗಾಲದಲ್ಲಿ ಪಂಚಾಯಿತಿಯವರು ಒಂದು ಸಭೆ ಕರೆದರು. ನಮ್ಮ ಲೈನು ಹಾಯ್ದುಹೋಗುವ ಹೊಲಗಳ ರೈತರು ಬದು ಅಗೆಯುವಾಗ ಜೋಪಾನ ಮಾಡಲಿ ಅಂತ ನಾನೇ ಕೇಳಿಕೊಂಡಿದ್ದೆ. ಶುದ್ಧ ಕನ್ನಡದಲ್ಲಿ ಹೇಳಬೇಕು ಅನ್ನುವ ಹುರುಪು ಬೇರೆ. ಬೆಳಕಿನ ಕಣಗಳನ್ನು ಒಂದೊಂದಾಗಿ ಕಳಿಸುತ್ತೇವೆ, ಕಣದ ಮೇಲೆ ಪರರ ಕಣ್ಣು ಬಿದ್ದರೆ ಕಣ ಕೆಡುತ್ತದೆ, ಆದ್ದರಿಂದ ನಿಮ್ಮ ಹೊಲದಲ್ಲಿ ಕಣ ಕಾಯುವುದು ನಿಮ್ಮ ಕೈಯಲ್ಲಿದೆ ಅಂದೆ.

ನಾನು ಮುಗಿಸಿದರೂ ಯಾರೂ ಪ್ರಶ್ನೆ ಕೇಳಲಿಲ್ಲ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಇಷ್ಟು ಚೆನ್ನಾಗಿ ಕ್ವಾಂಟಮ್ ವಿಜ್ಞಾನ ತಿಳಿದುಕೊಂಡ ಸಭೆ ದೇಶದಲ್ಲೇ ಇರಲಿಕ್ಕಿಲ್ಲ ಅಂತ ನಾನು ಹಿಗ್ಗಿದೆ. ಕಣ ಅಂದರೆ ಅವರಿಗೆ ಕಾಳು ಒಕ್ಕುವ ಜಾಗ. ರಾಶಿಯ ಹೊತ್ತಿನಲ್ಲಿ ಕಣದ ಮೇಲೆ ಕೆಟ್ಟ ಕಣ್ಣು ಬೀಳಬಾರದು ಅನ್ನುವುದನ್ನು ಅವರು ಹುಟ್ಟಿದಾಗಿನಿಂದ ಬಲ್ಲರು. ದಲಾಲಿ ಅಂಗಡಿಯ ಮನೆಯವಳಾಗಿ ನನಗೆ ಅದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ನಮ್ಮ ಕೇಬಲ್ ಜೋಡಿಸಿದ ಗುಂಡಿ ಮೊರಬದ ಹತ್ತಿರ, ಎಲ್ಲರೂ ಕಾಕಾ ಅನ್ನುವ ರೈತರೊಬ್ಬರ ಹೊಲದ ಅಂಚಿನಲ್ಲಿದೆ. ಗುಂಡಿಯ ಮೇಲೆ ಸಿಮೆಂಟಿನ ಮುಚ್ಚಳ, ಪಕ್ಕದಲ್ಲಿ ಗುರುತಿನ ಕಲ್ಲು. ಸಭೆಯ ಮರುದಿನ ಹೋಗಿ ನೋಡಿದರೆ ಕಲ್ಲಿಗೆ ಮೂರು ಬೆರಳು ವಿಭೂತಿ, ಅದರ ಕೊರಳಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಹಳೆಯ ಎಡಗಾಲ ಚಪ್ಪಲಿ. ಕಾಕಾನ ಅವ್ವ, ಊರೆಲ್ಲ ಆಯಿ ಅಂತ ಕರೆಯುವ ಹಿರಿಯಾಕೆ, ನನ್ನ ಕೈಯಲ್ಲಿ ಇನ್ನೊಂದು ನಿಂಬೆಹಣ್ಣಿನ ಸರ ಇಟ್ಟರು. ಅದು ಕೋಣೆಯಲ್ಲಿನ ಪೆಟ್ಟಿಗೆಗೆ. ಬೇಡ ಅನ್ನಲು ನಾಲಿಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ವಿಭೂತಿ ಹಚ್ಚಿದ ಮೇಲೆ ಆ ಕಲ್ಲಿನ ಬಳಿ ಯಾವ ಜೆಸಿಬಿಯೂ ಸುಳಿಯಲಿಲ್ಲ. ಕಂಪನಿಯ ಎಚ್ಚರಿಕೆಯ ಫಲಕದ ಪಕ್ಕದಲ್ಲೇ ಅಗೆದವರು ವಿಭೂತಿಗೆ ಕೈಮುಗಿದು ಸುತ್ತುಹಾಕಿ ಹೋದರು.

ಆಯಿಗೆ ಒಂದೇ ಚಿಂತೆ ಉಳಿದಿತ್ತು. "ಊರ ಮಂದಿ ಕಣ್ಣು ತಡಕೋಬಹುದವ್ವಾ," ಅಂದರು. "ಬೆಂಗಳೂರಿಂದ ನೋಡಾಕ ಬರ್ತಾರಲ್ಲ, ಅವರಿಗೆ ಏನು ಕಟ್ಟೂಣು?"

ಕೂಡ್ರಿಸಿದ ಕಳ್ಳ

ಆ ಕಾಕಾ ತಮ್ಮ ಹೊಲದಲ್ಲಿನ ಗುಂಡಿಯನ್ನು ತಮ್ಮ ಮನೆಯ ಮಗುವಿನಂತೆ ನೋಡಿಕೊಳ್ಳತೊಡಗಿದರು. ಅಪರಿಚಿತರು ಯಾರಾದರೂ ಕಲ್ಲಿನ ಹತ್ತಿರ ಬಂದರೆ ಏನು ಮಾಡಲಿ ಅಂತ ಕೇಳಿದರು. ಜಗಳ ಮಾಡಬೇಡಿ, ಹೊಡೆಯಬೇಡಿ, ಮಾತಾಡಿಸುತ್ತ ಕೂಡ್ರಿಸಿಕೊಳ್ಳಿ, ನಾನು ಬರುತ್ತೇನೆ ಅಂದೆ.

ಒಂದು ದಿನ ಫೋನ್ ಬಂತು. ಕಳ್ಳ ಸಿಕ್ಕಾನ್ರಿ, ಲಗೂನ ಬರ್ರಿ ಅಂತ ಕಾಕಾನ ಪಿಸುಮಾತು. ನಾನು ಅಣ್ಣಿಗೇರಿಯಲ್ಲಿ ಊಟದ ತಟ್ಟೆ ಬಿಟ್ಟು ಎದ್ದೆ. ದಾರಿಯುದ್ದಕ್ಕೂ ಪೊಲೀಸರಿಗೆ ಏನು ಹೇಳಬೇಕು, ಸಾಹೇಬರಿಗೆ ಹೇಗೆ ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಹೋಗಿ ನೋಡಿದರೆ ಬನ್ನಿಗಿಡದ ನೆರಳಲ್ಲಿ ಕಂಬಳಿ ಹಾಸಿದೆ, ಕಳ್ಳ ಆರಾಮವಾಗಿ ಚಕ್ಕಂಬಕ್ಕಳ ಹಾಕಿ ಕುಳಿತಿದ್ದಾನೆ, ಕಾಕಾ ಎದುರಿಗೆ ಕೈಕಟ್ಟಿ ಕುಳಿತು ಕೇಳುತ್ತಿದ್ದಾರೆ.

ಅವನು ಒಬ್ಬ ವಿಮಾ ಏಜೆಂಟ. ಬೈಕ್ ನಿಲ್ಲಿಸಿ ಕಲ್ಲಿನ ಮರೆಯಲ್ಲಿ ಒಂದಕ್ಕೆ ಹೋಗಲು ನಿಂತವನನ್ನು ಕಾಕಾ ಹಿಡಿದಿದ್ದರು. ಮಾತಾಡಿಸುತ್ತ ಕೂಡ್ರಿಸಿಕೊಳ್ಳಿ ಅಂತ ನಾನು ಹೇಳಿದ್ದೆನಲ್ಲ, ಕಾಕಾ ಒಂದು ಮಾತು ಕೇಳಿದರು, ಅವನು ಉಳಿದದ್ದೆಲ್ಲ ಹೇಳಿದ. ನಾನು ತಲುಪುವ ಹೊತ್ತಿಗೆ ಕಾಕಾ ತಮ್ಮ ಹೆಸರಿನಲ್ಲಿ ಒಂದು, ಆಯಿಯ ಹೆಸರಿನಲ್ಲಿ ಒಂದು ಪಾಲಿಸಿಗೆ ಸಹಿ ಮಾಡಿ ಮುಗಿಸಿದ್ದರು. ಎತ್ತಿಗೂ ಒಂದು ಮಾಡಿಸಬಹುದೇ ಅಂತ ವಿಚಾರ ನಡೆದಿತ್ತು.

ಇನ್ನು ಮುಂದೆ ಕಳ್ಳರು ಬಂದರೆ ಅವರ ಕೂಡ ಮಾತೇ ಆಡಬೇಡಿ, ಸುಮ್ಮನೆ ಕೂಡ್ರಿಸಿ ಸಾಕು ಅಂತ ಕಾಕಾನಿಗೆ ಕೈಮುಗಿದು ಹೇಳಿ ಜೀಪು ಹತ್ತಿದೆ. ಡ್ರೈವರ್ ಕಾಣಲಿಲ್ಲ. ಹುಡುಕಿದರೆ ಬನ್ನಿಗಿಡದ ಕೆಳಗೆ, ಕಂಬಳಿಯ ಮೇಲೆ, ಪೆನ್ನು ಹಿಡಿದು ಕುಳಿತಿದ್ದ.

ನಡುವೆ ಮೂರನೆಯವರು

ಇದು ನಮ್ಮ ಮನೆಯಲ್ಲೇ ಆದದ್ದು. ಸೈರನ್ ಹೊಡೆದಾಗ ನನ್ನ ಮೊಬೈಲಿಗೂ ತಿಳಿಯಲಿ ಅಂತ ಬೆಂಗಳೂರಿನ ಹುಡುಗರು ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದರು. ನಾನು ಕನ್ನಡದಲ್ಲಿರಲಿ ಅಂದಿದ್ದಕ್ಕೆ ಒಬ್ಬ ಹೆಣ್ಣುಮಗಳ ಭಾರವಾದ ಧ್ವನಿಯಲ್ಲಿ ಎಚ್ಚರಿಕೆ ತುಂಬಿಸಿದ್ದರು.

ನನ್ನ ನಾದಿನಿಗೆ ಗುಡಗೇರಿಯಿಂದ ಒಂದು ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಬಂದು ಕುಳಿತರು. ನಡುವೆ ನಿಂತು ಸಂಬಂಧ ಕುದುರಿಸಿದ ಹಿರಿಯರು ಎರಡೂ ಕಡೆ ನೋಡಿ ನೋಡಿ ಮಾತಾಡುತ್ತಿದ್ದರು. ಅವಲಕ್ಕಿ ಬಂತು, ಚಹಾ ಬಂತು. ಹುಡುಗ ಅಗದಿ ಬಂಗಾರ, ಒಂದು ಚಟ ಇಲ್ಲ, ಅಡಿಕೆ ಚೂರೂ ಬಾಯಿಗೆ ಹಾಕುವವನಲ್ಲ ಅಂತ ಆ ಹಿರಿಯರು ಹೇಳಿದರು. ಹುಡುಗ ನೆಲ ನೋಡುತ್ತ ಕುಳಿತಿದ್ದ. ಅಷ್ಟರಲ್ಲಿ ಅಣ್ಣಿಗೇರಿ ಸ್ಟೇಶನ್ನಿನ ಬಾಜೂಕಿನ ನಮ್ಮ ಪೆಟ್ಟಿಗೆಯ ಕೋಣೆಯ ಮುಂದೆ ಗೂಡ್ಸ್ ಗಾಡಿ ಹಾಯ್ದಿರಬೇಕು, ಎಳೆ ನಡುಗಿರಬೇಕು. ಕಪಾಟಿನ ಮೇಲಿಟ್ಟ ನನ್ನ ಮೊಬೈಲು ಮಾತಾಡಿತು.

"ಎಚ್ಚರಿಕೆ. ಎರಡು ಕಡೆಯ ನಡುವೆ ಮೂರನೆಯವರು ಇದ್ದಾರೆ. ಬಂದ ಮಾಹಿತಿಯನ್ನು ನಂಬಬೇಡಿ."

ನಾನು ಮೊಬೈಲಿಗೆ ಕೈ ಚಾಚುವುದರೊಳಗೆ ಅದು ಅದನ್ನೇ ಇನ್ನೊಮ್ಮೆ ಹೇಳಿತು. ಆ ಹಿರಿಯರು ಚಹಾದ ಕಪ್ಪು ಕೆಳಗಿಟ್ಟು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹುಡುಗ ಗುಟಕಾ ಒಂದು ತಿಂತಿದ್ದನ್ರಿ," ಅಂದರು ಸಣ್ಣ ದನಿಯಲ್ಲಿ. "ಮೊನ್ನಿ ಅಮಾಸಿಗೆ ಬಿಟ್ಟಾನ."

ಮದುವೆ ಆಯಿತು, ಇಬ್ಬರೂ ಚೆನ್ನಾಗಿದ್ದಾರೆ. ಆದರೆ ನಮ್ಮ ನಾದಿನಿ ತವರಿಗೆ ಬಂದಾಗಲೆಲ್ಲ ಗಂಡನ ಎದುರಿಗೆ ನನ್ನ ಮೊಬೈಲನ್ನು ಟೇಬಲ್ಲಿನ ಮೇಲೆ ತಂದಿಟ್ಟು ಮಾತು ಶುರು ಮಾಡುತ್ತಾಳೆ.

ಅಧಿಕೃತ ಕಳ್ಳ

ವರ್ಷ ತುಂಬುವ ಹೊತ್ತಿಗೆ ಕೊನೆಯ ಪರೀಕ್ಷೆ ಬಂತು. ದೊಡ್ಡ ಸಾಹೇಬರು ಬೆಂಗಳೂರಿನಿಂದ ಜೊತೆಗೊಬ್ಬ ಕಳ್ಳನನ್ನು ಕರೆತಂದರು. ಎಳೆಯಿಂದ ಬೆಳಕು ಕದಿಯುವುದರಲ್ಲಿ ಪಳಗಿದ ಎಂಜಿನಿಯರು, ಕಣ್ಣಿಗೆ ಕನ್ನಡಕ, ಹೆಗಲಿಗೆ ಚೀಲ, ನೋಡಿದರೆ ಮೇಷ್ಟರ ಹಾಗಿದ್ದರು. ಸಾಹೇಬರು ಮತ್ತು ನಾನು ಮೊರಬದ ಕೋಣೆಯಲ್ಲಿ ಕುಳಿತಿರಬೇಕು. ಕಳ್ಳ ನಮ್ಮ ಡ್ರೈವರಿನ ಜೊತೆ ಲೈನಿನ ಮೇಲೆ ಎಲ್ಲೋ ಒಂದು ಕಡೆ ಗುಂಡಿ ತೆಗೆದು ಎಳೆಗೆ ತಮ್ಮ ಉಪಕರಣ ಹಚ್ಚಬೇಕು. ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದು ನನಗೂ ಗೊತ್ತಿರಬಾರದು, ಊರವರಿಗೂ ಗೊತ್ತಿರಬಾರದು. ಜಾಗ ಮುಟ್ಟಿದ ಕೂಡಲೇ ಸಾಹೇಬರಿಗೆ ಫೋನ್ ಮಾಡುವುದು ಡ್ರೈವರಿನ ಕೆಲಸ.

ಸಾಹೇಬರು ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ಮೊದಲು ಕಂಡದ್ದು ನಿಂಬೆಹಣ್ಣು. ಇದೇನು ಅಂದರು. ನನಗೆ ಏನೂ ತೋಚದೆ, ಸುರಕ್ಷತೆಯ ಎರಡನೇ ಹಂತ ಸರ್ ಅಂದೆ. ಅವರು ನಗಲಿಲ್ಲ. ಬೆಳಿಗ್ಗೆ ರೊಟ್ಟಿ ತಿನ್ನುವಾಗಲೇ ನಾನು, ಇದೇ ಕೊನೆಯ ಬಿಸಿ ರೊಟ್ಟಿಯೋ ಏನೋ ಅಂತ ಬಡಿಸಿದ ಅತ್ತೆಯವರಿಗೆ ಹೇಳಿ ಅವರನ್ನೂ ಅಳಿಸಿ ಬಂದಿದ್ದೆ.

ಫೋನ್ ಬಂತು. ಸಾಹೇಬರು ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

"ಸರ, ಕಣಕ್ಕ ಬಂದೇವ್ರಿ," ಅಂದ ಡ್ರೈವರ್.

"ಸರಿ. ಅವರು ಶುರು ಮಾಡಿದರಾ?"

"ಕೈ ಹಾಕ್ಯಾರ್ರಿ."

"ಏನಾದರೂ ಸಿಗ್ತಾ ಇದೆಯಾ?"

"ಬೇಕಾದಷ್ಟು ಸಿಗಾಕತ್ತೈತ್ರಿ. ಅವರು ಸಾಕು ಸಾಕು ಅನ್ನಾಕತ್ತಾರ, ಆದ್ರೂ ಬಂದು ಬೀಳಾಕತ್ತೈತಿ."

ಸಾಹೇಬರು ಪೆಟ್ಟಿಗೆ ನೋಡಿದರು. ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು. ಅಲ್ಲಿ ಯಾರೂ ತಡೆಯಲಿಲ್ಲವೇ ಅಂತ ಕೇಳಿದರು.

"ಏ, ಇಲ್ರಿ. ಎಲ್ಲಾರೂ ಮತ್ತಷ್ಟು ತೊಗೊಳ್ರಿ ಅನ್ನಾಕತ್ತಾರ."

ಫೋನ್ ಇಟ್ಟ ಸಾಹೇಬರು ನನ್ನನ್ನು ಅನುಕಂಪದಿಂದ ನೋಡಿದರು. ಕಳ್ಳ ಕಣಗಳನ್ನು ಬಾಚಿ ಬಾಚಿ ತೆಗೆಯುತ್ತಿದ್ದಾನೆ, ಊರವರು ನೆರವಿಗೆ ನಿಂತಿದ್ದಾರೆ, ನಿಮ್ಮ ಪೆಟ್ಟಿಗೆಗೆ ಸುದ್ದಿಯೇ ಇಲ್ಲ ಅಂದರು. ನಾನು ವೈರು ನೋಡಿದೆ, ಲೆಕ್ಕ ನೋಡಿದೆ, ಸೈರನ್ನಿನ ಬಟನ್ ನೋಡಿದೆ. ಎಲ್ಲ ಸರಿ ಇತ್ತು, ಹಸಿರು ದೀಪ ಉರಿಯುತ್ತಲೇ ಇತ್ತು. ತಿಂಗಳುಗಟ್ಟಲೆ ನನ್ನ ಜೊತೆ ತಿರುಗಿ ಡ್ರೈವರೂ ನಮ್ಮಂತೆಯೇ ಕಣ, ಕಣ ಅಂತ ಮಾತಾಡಲು ಕಲಿತಿದ್ದ. ಹೀಗಾಗಿ ಅವನ ಮಾತಿನಲ್ಲಿ ನನಗೂ ಬೆಳಕಿನ ಕಣವೇ ಕೇಳಿಸಿತು. ಅಳು ಬರುವುದೊಂದು ಬಾಕಿ. ವರ್ಷವಿಡೀ ಖಾರಕ್ಕೆ ಕೂಗಿದ, ಗೂಡ್ಸ್ ಗಾಡಿಗೆ ಕೂಗಿದ ಈ ದರಿದ್ರ ಪೆಟ್ಟಿಗೆಗೆ ಇವತ್ತೇ ಬಾಯಿ ಕಟ್ಟಬೇಕೇ ಅಂತ ಅದನ್ನು ಮನಸ್ಸಿನಲ್ಲೇ ಬೈದೆ.

ಸಾಹೇಬರು ಚಹಾ ತರಿಸಿದರು. ನಿಮ್ಮ ತಪ್ಪಲ್ಲ, ಯಂತ್ರವೇ ಹೀಗೆ, ಮುಂದಿನ ವಾರ ಲಾರಿ ಕಳಿಸುತ್ತೇನೆ ಅಂತ ಸಮಾಧಾನ ಮಾಡಿದರು. ಒಡಿಶಾ ಕಡೆ ಒಳ್ಳೆಯ ಹವೆ ಅಂತಲೂ ಹೇಳಿದರು. ನಾನು ಚಹಾ ಹಿಡಿದುಕೊಂಡು ಗೋಡೆ ನೋಡುತ್ತ ಕುಳಿತೆ. ಚಹಾ ಆರಿ ಕೆನೆ ಕಟ್ಟಿದರೂ ಕುಡಿಯಲಾಗಲಿಲ್ಲ.

ಆಗ ಸೈರನ್ ಹೊಡೆಯಿತು. ಸಾಹೇಬರ ಕಪ್ಪಿನಿಂದ ಚಹಾ ಅವರ ಅಂಗಿಯ ಮೇಲೆ ಬಿತ್ತು. ಕೆಂಪು ದೀಪ ಢಾಳಾಗಿ ಉರಿಯಿತು. ನನಗೆ ಜೀವ ಬಂದಂತಾಗಿ ಎದ್ದು ನಿಂತೆ, ಸಾಹೇಬರು ಕೂತ್ಕೊಳ್ಳಿ ಅಂದರು. ಅವನು ಕೆಲಸ ಮುಗಿಸಿ ಹೊರಟ ಮೇಲೆ ಕೂಗುತ್ತಿದೆ, ಕಳ್ಳ ಬಂದಾಗ ಸುಮ್ಮನಿತ್ತು, ಹೋದಾಗ ಕೂಗಿತು, ಒಂದೇ ದಿನ ಎರಡೂ ತಪ್ಪು ಮಾಡಿದ ಯಂತ್ರ ನಾನು ಇದೊಂದೇ ನೋಡಿದ್ದು ಅಂದರು.

ಮತ್ತೆ ಫೋನ್. ಸ್ಪೀಕರಿನಲ್ಲಿ ಈ ಸಲ ಸ್ವತಃ ಕಳ್ಳ. ಧ್ವನಿ ಸ್ವಲ್ಪ ಭಾರವಾಗಿತ್ತು.

"ಸರ್, ಈಗ ಹಚ್ಚಿದೀನಿ. ಸೈರನ್ ಬಂತಾ?"

ಸಾಹೇಬರು ಕೈಯಲ್ಲಿನ ಫೋನನ್ನು ಒಮ್ಮೆ ದಿಟ್ಟಿಸಿ ನೋಡಿದರು. "ಈಗ ಹಚ್ಚಿದ್ದಾ? ಹಾಗಾದರೆ ಇಷ್ಟು ಹೊತ್ತು ಸಾಕು ಸಾಕು ಅನ್ನುವಷ್ಟು ತಗೊಂಡದ್ದು ಏನು?"

ಆ ಕಡೆಯಿಂದ ಒಂದು ತೇಗು ಕೇಳಿಸಿತು. ಆಮೇಲೆ ಉತ್ತರ ಬಂತು. "ಬದನೆಕಾಯಿ ಎಣಗಾಯಿ, ಸರ್."

ಉಪಕರಣ ತೆಗೆಯಲು ಹೇಳಿದರು, ದೀಪ ಹಸಿರಾಯಿತು. ಹಚ್ಚಲು ಹೇಳಿದರು, ಕೆಂಪಾಯಿತು. ಮತ್ತೆ ತೆಗೆಸಿದರು, ಮತ್ತೆ ಹಚ್ಚಿಸಿದರು. ಪೆಟ್ಟಿಗೆ ಒಂದು ಸಲವೂ ತಪ್ಪಲಿಲ್ಲ. ಅದು ಸುಮ್ಮನಿದ್ದಾಗ ಎಳೆಯನ್ನು ಯಾರೂ ಮುಟ್ಟಿರಲೇ ಇಲ್ಲ. ನಾನು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದೆ, ಅಷ್ಟು ರುಚಿಯಾದ ಚಹಾ ಇನ್ನೂ ಕುಡಿದಿಲ್ಲ. ಸಾಹೇಬರು ಮಾತ್ರ, ನಡೀರಿ, ನಾನು ಆ ಜಾಗ ನೋಡಬೇಕು ಅಂದರು.

ಹೋದದ್ದು ನಮ್ಮ ಕಾಕಾನ ಹೊಲಕ್ಕೆ. ಅವತ್ತು ಅವರ ಕಡಲೆಯ ರಾಶಿ. ಈಗ ಎಲ್ಲರೂ ಮಷೀನು ತಂದು ಹೊಲದಲ್ಲೇ ಒಕ್ಕಿ ಚೀಲ ತುಂಬುತ್ತಾರೆ, ಕಾಕಾ ಮಾತ್ರ ಗುಂಡಿಯ ಪಕ್ಕದ ಮೂಲೆಯಲ್ಲಿ ನೆಲ ಸಾರಿಸಿ, ಕಣ ಮಾಡಿ, ರಾಶಿ ಹಾಕಿ, ಪೂಜೆ ಮಾಡಿ, ಬಂದವರಿಗೆಲ್ಲ ಊಟ ಹಾಕಿಯೇ ಕಾಳು ಮನೆಗೆ ಒಯ್ಯುವವರು. ಕಡಲೆಯ ರಾಶಿಯ ಬಾಜೂಕೆ ಬುತ್ತಿಯ ಗಂಟುಗಳು ಬಿಚ್ಚಿದ್ದವು. ಸಜ್ಜೆಯ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಗೋಧಿ ಹುಗ್ಗಿ. ನಡುವೆ ಅಧಿಕೃತ ಕಳ್ಳ, ಪಕ್ಕದಲ್ಲಿ ಡ್ರೈವರ್, ಇಬ್ಬರೂ ಎದ್ದೇಳಲು ಬಾರದ ಸ್ಥಿತಿಯಲ್ಲಿ ಒಬ್ಬರಿಗೊಬ್ಬರು ಒರಗಿ ಕುಳಿತಿದ್ದರು.

ಸಾಹೇಬರು ಕಾಕಾನಿಗೆ ಇವರು ಯಾರು ಅಂತ ಗೊತ್ತೇ ಅಂದರು. ಗೊತ್ತು ಅಂದರು ಕಾಕಾ, ಡ್ರೈವರಿನ ಜೊತೆ ಬಂದರೇನು, ಈ ಹೊಸಬರು ಬಂದವರೇ ಕಲ್ಲಿನ ಸುತ್ತ ಸುಳಿದಾಡಿದರು, ಕಳ್ಳರು ಅಂತ ನೋಡಿದ ಕೂಡಲೇ ಗೊತ್ತಾಯಿತು ಅಂದರು. ಗೊತ್ತಾದ ಮೇಲೆ ಊಟಕ್ಕೆ ಯಾಕೆ ಹಾಕಿದಿರಿ ಅಂತ ಸಾಹೇಬರು ಕೇಳಿದರು.

ಕಾಕಾ ನನ್ನ ಕಡೆ ಕೈ ತೋರಿಸಿದರು. "ಕಳ್ಳರು ಬಂದ್ರ ಸುಮ್ಮ ಕೂಡ್ರಸ್ರಿ, ಮಾತಾಡಬ್ಯಾಡ್ರಿ ಅಂತ ಬಾಯಾರು ಹೇಳಿದ್ರು. ಮಾತಾಡದ ಕೂಡ್ರಿಸಿದ ಮ್ಯಾಲ ಊಟಕ್ಕ ಹಾಕೂದು ಬಿಟ್ರ ಇನ್ನೇನು ಮಾಡೂದ್ರಿ? ರಾಶಿ ದಿನ ಕಣಕ್ಕ ಬಂದವ್ರು ಉಪವಾಸ ಹೋಗಬಾರದು."

ಹಾಗಾದರೆ ಗುಂಡಿ ತೆಗೆಯಲು ಆಮೇಲೆ ಹೇಗೆ ಬಿಟ್ಟಿರಿ ಅಂತ ನಾನೇ ಕೇಳಿದೆ. ಕಾಕಾ ತುಸು ಸಂಕೋಚದಿಂದ ಕಳ್ಳರ ಮುಖ ನೋಡಿದರು. ಡ್ರೈವರ್ ಊಟ ಮಾಡುತ್ತ ಎಲ್ಲ ಹೇಳಿಬಿಟ್ಟಿದ್ದನಂತೆ, ಪಾಪ, ಇವರ ನೌಕರಿಯ ಕೆಲಸ ಅಂತ ತಿಳಿಯಿತಂತೆ. "ಮೂರನೇ ಸಲ ಹುಗ್ಗಿ ನೀಡಿದ ಮ್ಯಾಲ ಅವರಿಗೆ ಬಗ್ಗಾಕ ಬರ್ತಿದ್ದಿಲ್ರಿ," ಅಂದರು. "ಅದಕ್ಕ ಮುಚ್ಚಳ ನಾನ ಎತ್ತಿ ಕೊಟ್ಟೆ."

ಸಾಹೇಬರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಲ್ಲುವಷ್ಟರಲ್ಲಿ ಆಯಿ ಅವರ ಮುಂದೆ ತಾಟು ಇಟ್ಟಿದ್ದರು. ಬೇಡ ಅಂದರು, ನಡೆಯಲಿಲ್ಲ. ಒಂದು ರೊಟ್ಟಿ ಅಂದವರು ಎಣಗಾಯಿ ಎರಡು ಸಲ ಹಾಕಿಸಿಕೊಂಡರು. ಅವರು ಕಣ್ಣು ಮುಚ್ಚಿ ಹುಗ್ಗಿ ಚಪ್ಪರಿಸುವಾಗ ಆಯಿ ಹಿಂದಿನಿಂದ ಬಂದು, ಒಂದು ಹಿಡಿ ಉಪ್ಪು, ಮೆಣಸಿನಕಾಯಿ ಅವರ ಸುತ್ತ ನಿವಾಳಿಸಿ ಒಲೆಗೆ ಹಾಕಿದರು. ಬೆಂಗಳೂರಿನ ಕಣ್ಣಿಗೆ ಏನು ಕಟ್ಟೂಣು ಅಂತ ಮಳೆಗಾಲದಿಂದಲೂ ಚಿಂತಿಸಿದ ಜೀವ ಅದು. ಸಾಹೇಬರಿಗೆ ಒಂದು ಸೀನು ಬಂದದ್ದು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

ಕೈ ತೊಳೆದುಕೊಂಡ ಮೇಲೆ ಅವರು ಅಲ್ಲೇ ಹೇಳಿದರು. ಪೆಟ್ಟಿಗೆ ಇಲ್ಲೇ ಇರಲಿ, ಬಾಯಾರೂ ಇಲ್ಲೇ ಇರಲಿ. ನನಗೆ ಕಣ್ಣು ತುಂಬಿದವು. ಒಲೆಯ ಹೊಗೆ ಅಂತ ಹೇಳಿ ಒರೆಸಿಕೊಂಡೆ, ಕಾಕಾ ನಂಬಲಿಲ್ಲ. ಅತ್ತೆಯವರಿಗೆ ಫೋನ್ ಮಾಡಿ ನಾಳೆಯೂ ರೊಟ್ಟಿ ಮಾಡ್ರಿ ಅಂದೆ. ಅವರು ಬೆಳಿಗ್ಗೆ ಅತ್ತದ್ದೆಲ್ಲ ದಂಡ ಆಯಿತು ಅಂತ ನನ್ನನ್ನೇ ಬೈದರು.

ಇಂಥ ಪರೀಕ್ಷೆ ಇನ್ನು ಮೇಲೆ ಪ್ರತಿ ವರ್ಷ ಮಾಡಬೇಕಾಗುತ್ತದೆ ಅಂತ ಸಾಹೇಬರು ಜೀಪಿನ ಕಡೆ ನಡೆಯುತ್ತ ಹೇಳಿದರು. ಅಧಿಕೃತ ಕಳ್ಳ ಹಾಗೇ ಕುಳಿತಲ್ಲಿಂದಲೇ, ಮುಂದಿನ ವರ್ಷವೂ ನಾನೇ ಬರುತ್ತೇನೆ ಸರ್, ಆದರೆ ಕಡಲೆ ರಾಶಿಯ ಹೊತ್ತಿಗೇ ಇಡಿ ಅಂದರು. ಸಾಹೇಬರು ನಿಂತು ತುಸು ಯೋಚಿಸಿ, ಬೇಡ, ಮುಂದಿನ ಸಲ ಕಳ್ಳ ನಾನೇ ಆಗುತ್ತೇನೆ ಅಂದರು. ಡ್ರೈವರ್ ತಾನಂತೂ ಇದ್ದೇ ಇರುತ್ತೇನೆ ಅಂದ.

ಕಾಕಾ ಜೀಪಿನವರೆಗೂ ಬಂದು, ಎಲ್ಲರ ಮಡಿಲಿಗೂ ಒಂದೊಂದು ಚೀಲ ಹೊಸ ಕಡಲೆ ಇಟ್ಟರು. ಪರೀಕ್ಷೆ ಯಾರಿಗೂ ಗೊತ್ತಾಗದಂತೆ ನಡೆಯಬೇಕು ಅಂತ ಸಾಹೇಬರು ಮತ್ತೆ ಬಿಗಿಯಾಗಿ ನೆನಪಿಸಿದರು.

"ಆಗಲ್ರಿ, ಯಾರಿಗೂ ಹೇಳಂಗಿಲ್ಲ," ಅಂದರು ಕಾಕಾ. "ಬರೂ ಮುಂದ ನನಗೊಂದು ಫೋನ್ ಮಾಡ್ರಿ ಅಷ್ಟ. ಕಳ್ಳರು ಎಷ್ಟು ಮಂದಿ ಅಂತ ಮೊದಲ ಗೊತ್ತಾದ್ರ ರೊಟ್ಟಿ ಬಡ್ಯಾಕ ಅನುಕೂಲ ಆಗತೈತಿ."